ಆರು ದಿನಗಳಲ್ಲಿ ಏರಿದ ಎಂಟು ಕಿಲೋ: ಲ್ಯುಕೇಮಿಯಾ ರೋಗಿಯಲ್ಲಿ ತೀವ್ರ ದ್ರವಾಧಿಕ್ಯದ ಒಂದು ಪ್ರಕರಣ ಅಧ್ಯಯನ

ಕಿಮೋ ಪಡೆಯುತ್ತಿರುವ ರಕ್ತ ಕ್ಯಾನ್ಸರ್ ರೋಗಿಗೆ ಇದ್ದಕ್ಕಿದ್ದಂತೆ ಏದುಸಿರು ಬಂದರೆ ವಾರ್ಡಿನಲ್ಲಿ ಎಲ್ಲರೂ ಮೊದಲು ಶಂಕಿಸುವುದು ಸೋಂಕನ್ನು. ಬಿಳಿ ರಕ್ತಕಣಗಳು ಬಹುತೇಕ ಇಲ್ಲವಾಗಿರುವ ದೇಹದ ವಿಷಯದಲ್ಲಿ ಆ ಶಂಕೆ ಸರಿಯಾದದ್ದೇ. ಆದರೆ ಇದೇ ರೋಗಿಗಳು ಆಸ್ಪತ್ರೆಯಲ್ಲಿ ದಿನವೊಂದಕ್ಕೆ ಆರೇಳು ಲೀಟರ್ ದ್ರವವನ್ನು ರಕ್ತನಾಳದ ಮೂಲಕವೇ ಪಡೆಯುತ್ತಿರುತ್ತಾರೆ ಎಂಬುದು, ಅಷ್ಟೂ ದ್ರವವನ್ನು ಯಾರೂ ಒಟ್ಟಿಗೆ ಬರೆದಿರುವುದಿಲ್ಲವಾದ್ದರಿಂದ, ಯಾರ ಕಣ್ಣಿಗೂ ಬೀಳದೆ ಉಳಿಯಬಹುದು. ಇಲ್ಲಿ ವಿವರಿಸಿರುವ ರೋಗಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಶಗಳನ್ನು ಸೇರಿಸಿ, ಚಿಕಿತ್ಸೆಯ ಹಂತಗಳನ್ನು ತೋರಿಸುವ ಸಲುವಾಗಿ ಈ ಪ್ರಕರಣವನ್ನು ರೂಪಿಸಲಾಗಿದೆ.

ರೋಗಿ ಮತ್ತು ಮೊದಲ ಐದು ದಿನಗಳು

ರೋಗಿ 58 ವರ್ಷದ ಪುರುಷ. ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ ಎಂದು ಮಜ್ಜೆಯ ಪರೀಕ್ಷೆಯಿಂದ ಖಚಿತವಾಗಿತ್ತು. ಪ್ರೋಮೈಲೋಸೈಟಿಕ್ ಬಗೆಯಲ್ಲವೆಂಬುದೂ ಜೀನ್ ಪರೀಕ್ಷೆಯಿಂದ ತಿಳಿದಿತ್ತು. ಹಲವು ವರ್ಷಗಳಿಂದ ರಕ್ತದೊತ್ತಡವಿದ್ದು ಅಮ್ಲೋಡಿಪಿನ್ ಸೇವಿಸುತ್ತಿದ್ದರು. ಎಕೋದಲ್ಲಿ ಹೃದಯದ ಪಂಪಿಂಗ್ ಸಾಮರ್ಥ್ಯ ಶೇ. 55 ಇದ್ದು, ಎಡ ಹೃತ್ಕುಕ್ಷಿ ಸಡಿಲಗೊಳ್ಳುವುದು ಸ್ವಲ್ಪ ನಿಧಾನ ಎಂದು ವರದಿಯಲ್ಲಿತ್ತು. ಈ ಎರಡನೆಯ ವಾಕ್ಯವನ್ನು ಕಿಮೋಗೆ ಮುನ್ನ ಹೆಚ್ಚಿನವರು ಓದಿ ಮುಂದೆ ಸಾಗುತ್ತಾರೆ, ಏಕೆಂದರೆ ಡೌನೊರುಬಿಸಿನ್ ಕೊಡಬಹುದೇ ಬೇಡವೇ ಎಂಬುದನ್ನು ನಿರ್ಧರಿಸುವುದು ಮೊದಲನೆಯ ಸಂಖ್ಯೆ. ಆದರೆ ಹೆಚ್ಚುವರಿ ದ್ರವವನ್ನು ಹೃದಯ ಎಷ್ಟು ತಡೆದುಕೊಳ್ಳಬಲ್ಲದು ಎಂಬುದನ್ನು ಹೇಳುವುದು ಆ ಎರಡನೆಯ ವಾಕ್ಯವೇ.

ತೂಕ 64.0 ಕಿಲೋ, ದೇಹದ ಮೇಲ್ಮೈ 1.7 ಚದರ ಮೀಟರ್. ಬಿಳಿ ರಕ್ತಕಣ 62,000, ಹಿಮೋಗ್ಲೋಬಿನ್ 6.8, ಪ್ಲೇಟ್‌ಲೆಟ್ 14,000, ಯೂರಿಕ್ ಆಮ್ಲ 8.9, ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 1.0, ದ್ರವವನ್ನು ರಕ್ತನಾಳದೊಳಗೆ ಹಿಡಿದಿಡುವ ಪ್ರೋಟೀನ್ ಆದ ಆಲ್ಬುಮಿನ್ 2.9. ಗೆಡ್ಡೆಕಣಗಳು ಒಮ್ಮೆಲೇ ಒಡೆದು ಅವುಗಳೊಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ಮತ್ತು ಯೂರಿಕ್ ಆಮ್ಲ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುವ ಟ್ಯೂಮರ್ ಲೈಸಿಸ್ ಅಪಾಯ ಇವರಲ್ಲಿ ನಿಜವಾಗಿಯೂ ಇತ್ತು. ಆದ್ದರಿಂದ ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಜೊತೆಗೆ ಪ್ರತಿ ಚದರ ಮೀಟರಿಗೆ 3 ಲೀಟರಿನಂತೆ ಗಂಟೆಗೆ 210 ಮಿ.ಲೀ. ಸಲೈನ್ ಆರಂಭಿಸಲಾಯಿತು. ಅದರೊಂದಿಗೆ ರೂಢಿಯ ಚಿಕಿತ್ಸಾಕ್ರಮ: ಏಳು ದಿನ ಸೈಟರಬಿನ್ ನಿರಂತರ ಡ್ರಿಪ್, ಮೊದಲ ಮೂರು ದಿನ ಡೌನೊರುಬಿಸಿನ್.

ಮೊದಲ ಮೂರು ದಿನ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಮೂರನೆಯ ದಿನ ತೂಕ 66.1, ನಾಲ್ಕನೆಯ ದಿನ 67.0. ನಾಲ್ಕನೆಯ ದಿನ ಯೂರಿಕ್ ಆಮ್ಲ 3.1ಕ್ಕೂ ಬಿಳಿ ರಕ್ತಕಣ ಐದು ಸಾವಿರದೊಳಕ್ಕೂ ಇಳಿದಿದ್ದರಿಂದ ಸಲೈನನ್ನು ಗಂಟೆಗೆ 125 ಮಿ.ಲೀ.ಗೆ ತಗ್ಗಿಸಲಾಯಿತು. ಲೈಸಿಸ್ ಅಪಾಯ ಬಹುಮಟ್ಟಿಗೆ ಕಳೆದಿದ್ದ ಆ ಹೊತ್ತಿನಲ್ಲಿ ಡ್ರಿಪ್ ನಿಲ್ಲಿಸುವ ಬದಲು ತಗ್ಗಿಸಿದ್ದು ವಾರ್ಡುಗಳಲ್ಲಿ ನಿತ್ಯವೂ ಕಾಣುವ ಸಂಗತಿ: ಕಾರಣವಿದ್ದು ಆರಂಭವಾದ ಡ್ರಿಪ್, ಆ ಕಾರಣ ಮುಗಿದ ಮೇಲೂ ರೂಢಿಯಾಗಿ ಉಳಿದುಬಿಡುತ್ತದೆ. ಅದೇ ಸಂಜೆ ಜ್ವರ ಬಂತು, ಪಿಪೆರಾಸಿಲಿನ್-ಟಾಜೋಬ್ಯಾಕ್ಟಂ ಎಂಬ ಆ್ಯಂಟಿಬಯೋಟಿಕ್ ಆರಂಭವಾಯಿತು. ಐದನೆಯ ದಿನ ಬೆಳಗ್ಗೆ ರಕ್ತದೊತ್ತಡ 86/50ಕ್ಕೆ ಇಳಿಯಿತು. ಒಂದೂವರೆ ಲೀಟರ್ ದ್ರವವನ್ನು ವೇಗವಾಗಿ ಕೊಟ್ಟಾಗ ಚೇತರಿಸಿತು, ಎರಡನೆಯ ಆ್ಯಂಟಿಬಯೋಟಿಕ್ ಆಗಿ ವ್ಯಾಂಕೋಮೈಸಿನ್ ಸೇರ್ಪಡೆಯಾಯಿತು. ಸೋಂಕಿನಿಂದ ಇಡೀ ದೇಹ ಹದಗೆಡುವ ಸೆಪ್ಸಿಸ್‌ನ ಮೊದಲ ಗಂಟೆಗಳಲ್ಲಿ ದ್ರವ ಕೊಟ್ಟದ್ದು ಸರಿಯಾದ ಕ್ರಮವೇ.

ಐದನೆಯ ದಿನ ರೋಗಿಗೆ ಎದ್ದು ನಿಲ್ಲಲಾಗದ ಕಾರಣ ತೂಕ ನೋಡಲಿಲ್ಲ. ಆದರೆ ಆ ರಾತ್ರಿಯ ನರ್ಸಿಂಗ್ ಟಿಪ್ಪಣಿಯಲ್ಲಿ ಎರಡು ಸಾಲುಗಳಿದ್ದವು: ರೋಗಿ ಎರಡನೆಯ ದಿಂಬು ಕೇಳಿ ಪಡೆದರು, ಬೆರಳಿನ ಉಂಗುರ ಬಿಗಿಯಾಗಿದೆಯೆಂದು ಸೋಪು ಹಚ್ಚಿ ತೆಗೆಯಲಾಯಿತು. ಮರುದಿನ ಬೆಳಗ್ಗೆ ಮಗಳು ಕೇಳಿದ್ದೂ ಇದಕ್ಕೆ ಸಂಬಂಧಿಸಿದ ಪ್ರಶ್ನೆಯೇ: "ಅಪ್ಪ ಸರಿಯಾಗಿ ಊಟವನ್ನೇ ಮಾಡ್ತಿಲ್ಲ ಡಾಕ್ಟ್ರೇ, ಆದ್ರೂ ಕಾಲು, ಮುಖ ಎಲ್ಲ ಯಾಕೆ ತುಂಬಿಕೊಂಡಿದೆ?" ಆಲ್ಬುಮಿನ್ ಕಡಿಮೆಯಾಗಿರುವುದರಿಂದ ಬಾವು ಬಂದಿದೆ ಎಂಬ ಉತ್ತರ ದೊರೆಯಿತು. ಅದು ಸುಳ್ಳಲ್ಲ, ಆದರೆ ಪೂರ್ಣ ಉತ್ತರವೂ ಅಲ್ಲ.

ಆರನೆಯ ರಾತ್ರಿ

ಆರನೆಯ ದಿನ ಹಿಮೋಗ್ಲೋಬಿನ್ 6.4, ಪ್ಲೇಟ್‌ಲೆಟ್ 9,000. ಮಧ್ಯಾಹ್ನ ಒಂದು ಚೀಲ ಪ್ಲೇಟ್‌ಲೆಟ್, ಸಂಜೆ ಐದರಿಂದ ಒಂಬತ್ತರವರೆಗೆ ಒಂದರ ಹಿಂದೊಂದರಂತೆ ಎರಡು ಚೀಲ ಕೆಂಪು ರಕ್ತಕಣ ಕೊಡಲಾಯಿತು. ರಾತ್ರಿ 10.40ಕ್ಕೆ ರೋಗಿ ಹಾಸಿಗೆಯಲ್ಲಿ ಎದ್ದು ಕುಳಿತು ಕಿಟಕಿ ತೆರೆಯುವಂತೆ ಕೇಳಿಕೊಂಡರು. ಉಸಿರಾಟ ನಿಮಿಷಕ್ಕೆ 34, ಆಮ್ಲಜನಕ ಶೇ. 84, ನಾಡಿ 124, ರಕ್ತದೊತ್ತಡ 168/96, ಜ್ವರ 37.9 ಡಿಗ್ರಿ ಸೆಲ್ಸಿಯಸ್. ಕುತ್ತಿಗೆಯ ಅಭಿಧಮನಿಗಳು ಉಬ್ಬಿದ್ದವು, ಎರಡೂ ಶ್ವಾಸಕೋಶಗಳಲ್ಲಿ ನಡುಮಟ್ಟದವರೆಗೆ ಬುರುಗುಟ್ಟುವ ಸದ್ದು ಕೇಳಿಸುತ್ತಿತ್ತು.

ಹಾಸಿಗೆಯ ತೂಕಮಾಪಕದಲ್ಲಿ ತೂಗಿದಾಗ 71.8 ಕಿಲೋ, ಅಂದರೆ 7.8 ಕಿಲೋ ಹೆಚ್ಚಳ. ಆರಂಭದ ತೂಕದ ಶೇ. 12. ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಏರಿದ ತೂಕವೆಂದರೆ ಅದು ನೀರು, ಬೇರೇನೂ ಅಲ್ಲ. ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್. ತೀವ್ರ ನಿಗಾ ಘಟಕಗಳಲ್ಲಿ ಶೇ. 10ರ ಮಿತಿ ದಾಟಿದ ದ್ರವಸಂಚಯಕ್ಕೂ ಸಾವಿನ ಪ್ರಮಾಣ ಹೆಚ್ಚುವುದಕ್ಕೂ ನಂಟು ಪದೇಪದೇ ಕಂಡುಬಂದಿದೆ.

ಆದರೂ ತೂಕ ಏರಿದೆ ಎಂಬ ಒಂದೇ ಕಾರಣಕ್ಕೆ ಬೇರೆ ಸಾಧ್ಯತೆಗಳನ್ನು ಬದಿಗಿಡುವಂತಿಲ್ಲ. ಲ್ಯುಕೇಮಿಯಾ ರೋಗಿಯ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗೆ ಕಾಣಲು ಕಾರಣಗಳು ಅನೇಕ, ಮತ್ತು ಅವುಗಳ ಚಿಕಿತ್ಸೆ ಒಂದಕ್ಕೊಂದು ವಿರುದ್ಧವಾಗಿರಬಹುದು. ಬಿಳಿ ರಕ್ತಕಣ 2,100ಕ್ಕೆ ಇಳಿದಿದ್ದರಿಂದ ಕಣಗಳು ಶ್ವಾಸಕೋಶದ ಕಿರುನಾಳಗಳಲ್ಲಿ ಕಟ್ಟಿಕೊಳ್ಳುವ ಲ್ಯುಕೋಸ್ಟೇಸಿಸ್ ಸಾಧ್ಯತೆ ದೂರವಾಗಿತ್ತು. ಪ್ರೋಮೈಲೋಸೈಟಿಕ್ ಬಗೆಯಲ್ಲದ, ರೆಟಿನಾಯಿಕ್ ಆಮ್ಲವಾಗಲಿ ಆರ್ಸೆನಿಕ್ ಆಗಲಿ ಪಡೆಯದ ಈ ರೋಗಿಯಲ್ಲಿ, ಲ್ಯುಕೇಮಿಯಾ ಕಣಗಳನ್ನು ಬಲಿಯಿಸುವ ಔಷಧಗಳಿಂದ ಬರುವ ಡಿಫರೆನ್ಶಿಯೇಷನ್ ಸಿಂಡ್ರೋಮ್ ಎಂದು ಡೆಕ್ಸಾಮೆಥಸೋನ್ ಕೊಡಲು ಆಧಾರವಿರಲಿಲ್ಲ. ಆದರೆ ಇಂದು ಬಳಕೆಯಲ್ಲಿರುವ ಐಡಿಎಚ್ ಪ್ರತಿಬಂಧಕಗಳಂಥ ಔಷಧಗಳನ್ನು ಪಡೆಯುವ ರೋಗಿಗಳಲ್ಲಿ ತೂಕ ಏರಿಕೆ, ಜ್ವರ, ಏದುಸಿರು ಮೂರೂ ಸೇರಿ ಬಂದರೆ ಮೊದಲು ನೆನಪಾಗಬೇಕಾದದ್ದು ಅದೇ. ಪ್ಲೇಟ್‌ಲೆಟ್ ಒಂಬತ್ತು ಸಾವಿರವಿದ್ದುದರಿಂದ ಶ್ವಾಸಕೋಶದೊಳಗಿನ ರಕ್ತಸ್ರಾವವನ್ನು ಪೂರ್ತಿ ತಳ್ಳಿಹಾಕಲು ಆಗುತ್ತಿರಲಿಲ್ಲ. ಕಫದಲ್ಲಿ ರಕ್ತವಿರಲಿಲ್ಲ, ಅಷ್ಟೇ. ಉಳಿದ ಮುಖ್ಯ ಪ್ರಶ್ನೆ ರಕ್ತಪೂರಣದ್ದು. ರಕ್ತ ಕೊಟ್ಟ ಆರು ಗಂಟೆಗಳೊಳಗೆ ಶ್ವಾಸಕೋಶಕ್ಕೆ ಪ್ರತಿಕಾಯಗಳಿಂದಾಗುವ ಗಾಯ, ಅಂದರೆ ಟ್ರಾಲಿ, ಮತ್ತು ಹನ್ನೆರಡು ಗಂಟೆಗಳೊಳಗೆ ಕಾಣಿಸಿಕೊಳ್ಳುವ, ದ್ರವದ ಭಾರದಿಂದಾಗುವ ಟ್ಯಾಕೋ, ಎರಡೂ ಹೊರನೋಟಕ್ಕೆ ಒಂದೇ ರೀತಿ ಇರುತ್ತವೆ. ಟ್ರಾಲಿಯಲ್ಲಿ ಸಾಮಾನ್ಯವಾಗಿ ರಕ್ತದೊತ್ತಡ ಕುಸಿಯುತ್ತದೆ, ಕುತ್ತಿಗೆಯ ನಾಳಗಳು ಉಬ್ಬಿರುವುದಿಲ್ಲ, ಮೂತ್ರವರ್ಧಕ ಕೊಟ್ಟರೆ ಹಾನಿಯೂ ಆಗಬಹುದು.

ಹಾಸಿಗೆಯ ಬಳಿಯೇ ಮಾಡಿದ ಅಲ್ಟ್ರಾಸೌಂಡ್ ಹತ್ತು ನಿಮಿಷಗಳಲ್ಲಿ ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸಿತು. ಎರಡೂ ಕಡೆ ಶ್ವಾಸಕೋಶದಲ್ಲಿ ನೀರಿರುವುದನ್ನು ಸೂಚಿಸುವ ಒತ್ತಾದ ಬಿ-ರೇಖೆಗಳು, ಎದೆಗೂಡಿನಲ್ಲಿ ಎರಡೂ ಬದಿ ಸ್ವಲ್ಪ ನೀರು, 2.4 ಸೆಂ.ಮೀ. ಅಗಲವಿದ್ದು ಉಸಿರೆಳೆದಾಗ ಬಹುತೇಕ ಕುಗ್ಗದ ಕೆಳ ಮಹಾಭಿಧಮನಿ. ಹೃದಯದ ಸಂಕೋಚನ ಶೇ. 50ರ ಆಸುಪಾಸಿನಲ್ಲಿದ್ದುದರಿಂದ ಡೌನೊರುಬಿಸಿನ್ ಹೃದಯವನ್ನು ಕೆಡಿಸಿದೆ ಎನ್ನಲು ಕಾರಣ ಕಾಣಲಿಲ್ಲ. ಹೃದಯದ ಮೇಲಿನ ಒತ್ತಡವನ್ನು ರಕ್ತದಲ್ಲಿ ತೋರಿಸುವ ಎನ್‌ಟಿ-ಪ್ರೋಬಿಎನ್‌ಪಿ ದಾಖಲಾದಾಗ 610 ಇದ್ದದ್ದು ಈಗ 4,850. ರಕ್ತಪೂರಣಕ್ಕೆ ಮೊದಲಿನ ಮಟ್ಟಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚಾಗಿದ್ದರೆ ಟ್ಯಾಕೋ ಕಡೆಗೆ ವಾಲುತ್ತದೆ. ಇಲ್ಲಿನ ಹೋಲಿಕೆ ಆರು ದಿನ ಹಿಂದಿನ ಮಟ್ಟದೊಂದಿಗೆ ಎಂಬ ಮಿತಿ ಇದ್ದರೂ ಸುಮಾರು ಎಂಟು ಪಟ್ಟಿನ ಏರಿಕೆಯನ್ನು ಕಡೆಗಣಿಸುವಂತಿರಲಿಲ್ಲ. ಕ್ರಿಯಾಟಿನಿನ್ 1.5, ಪೊಟ್ಯಾಸಿಯಂ 3.3, ಮೆಗ್ನೀಸಿಯಂ 1.6, ಆಲ್ಬುಮಿನ್ 2.2.

ದ್ರವ ಎಲ್ಲಿಂದ ಬಂತು

ಆ ರಾತ್ರಿಯೇ ಕರ್ತವ್ಯದಲ್ಲಿದ್ದ ವೈದ್ಯರು ಮತ್ತು ನರ್ಸ್ ಕುಳಿತು ಹಿಂದಿನ 24 ಗಂಟೆಗಳ ಇನ್‌ಟೇಕ್-ಔಟ್‌ಪುಟ್ ಚಾರ್ಟನ್ನು ಔಷಧ ಚಾರ್ಟಿನ ಪಕ್ಕದಲ್ಲಿಟ್ಟು ಕೂಡಿದರು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಚಿಕಿತ್ಸೆ ಮೊದಲಾದದ್ದು ಅಲ್ಲಿಂದ. ಡ್ರಿಪ್ ಎಂದು ಎಲ್ಲರೂ ಗುರುತಿಸುತ್ತಿದ್ದ ಸಲೈನ್ 3,000 ಮಿ.ಲೀ. ಸೈಟರಬಿನ್ ಬೆರೆಸಿದ್ದು 500. ಪಿಪೆರಾಸಿಲಿನ್ ನಾಲ್ಕು ಸಲ ನೂರರಂತೆ 400. ವ್ಯಾಂಕೋಮೈಸಿನ್ ಎರಡು ಸಲ, 500. ವಾಂತಿಯ ಮತ್ತು ಆಮ್ಲೀಯತೆಯ ಔಷಧಗಳ ಪುಟ್ಟ ಬಾಟಲಿಗಳು 250. ಪೊಟ್ಯಾಸಿಯಂ, ಮೆಗ್ನೀಸಿಯಂ ಸೇರಿ 600. ಕೆಂಪು ರಕ್ತಕಣ 600, ಪ್ಲೇಟ್‌ಲೆಟ್ 250. ಕೊಳವೆ ಕಟ್ಟಿಕೊಳ್ಳದಂತೆ ಆಗಾಗ ಹಾಯಿಸಿದ್ದು 150. ಒಟ್ಟು 6,250 ಮಿ.ಲೀ. ಬಾಯಿಯಿಂದ ಕುಡಿದದ್ದು 700. ಮೂತ್ರವಾಗಿ ಹೊರಹೋದದ್ದು 3,900.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು ಮುಖ್ಯ ಡ್ರಿಪ್ಪಿನ ಅಂಕಿಯಲ್ಲ. ಅದನ್ನು ಬಿಟ್ಟರೂ ಉಳಿದ ಸಣ್ಣಪುಟ್ಟ ಬಾಟಲಿಗಳ ಮೊತ್ತ 3,250 ಮಿ.ಲೀ., ಅಂದರೆ ಡ್ರಿಪ್ಪಿಗಿಂತ ಹೆಚ್ಚು. ಪ್ರತಿಯೊಂದು ಬಾಟಲಿಗೂ ಸಮರ್ಥನೆಯಿತ್ತು, ಪ್ರತಿಯೊಂದನ್ನೂ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆಯವರು ಬರೆದಿದ್ದರು. ದ್ರವದ ಜೊತೆ ಬಂದ ಉಪ್ಪಿನ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ರಕ್ತವನ್ನು ಹೊರತುಪಡಿಸಿದ 5,400 ಮಿ.ಲೀ. ಪೂರ್ತಿ ಶೇ. 0.9ರ ಸಲೈನಿನಲ್ಲೇ ಇತ್ತು. ಲೀಟರಿಗೆ 9 ಗ್ರಾಮಿನಂತೆ ಅದು ಸುಮಾರು 49 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕೆನ್ನುತ್ತದೆ. ರಕ್ತದೊತ್ತಡವಿದೆ ಎಂದು ಇವರ ಊಟದ ಚೀಟಿಯಲ್ಲಿ 'ಉಪ್ಪು ಕಡಿಮೆ' ಎಂದು ಬರೆದದ್ದನ್ನು ಅಡುಗೆಮನೆಯವರು ನಿಷ್ಠೆಯಿಂದ ಪಾಲಿಸುತ್ತಿದ್ದರು.

ಮೊದಲ ಹನ್ನೆರಡು ಗಂಟೆಗಳ ಚಿಕಿತ್ಸೆ

ರೋಗಿಯನ್ನು ನೇರವಾಗಿ ಕೂರಿಸಿ, ಮುಖವಾಡದ ಮೂಲಕ ಒತ್ತಡಸಹಿತ ಆಮ್ಲಜನಕ, ಅಂದರೆ ಸಿಪ್ಯಾಪ್, 8 ಸೆಂ.ಮೀ. ಒತ್ತಡದಲ್ಲಿ ಆರಂಭಿಸಲಾಯಿತು. ಇಂಥ ರೋಗಿಗಳಿಗೆ ವೆಂಟಿಲೇಟರ್ ಕೊಳವೆ ಹಾಕುವುದನ್ನು ಸಾಧ್ಯವಾದಷ್ಟು ತಪ್ಪಿಸುವುದು ಮೇಲು, ರಕ್ತಸ್ರಾವ ಮತ್ತು ಸೋಂಕು ಎರಡರ ಭಯವೂ ಇರುತ್ತದೆ. ಆದರೆ ಸಿಪ್ಯಾಪ್ ಫಲಿಸದಿದ್ದಾಗ ತಡಮಾಡುವುದು ಅದಕ್ಕಿಂತಲೂ ಅಪಾಯ. ಮೂಗಿನ ಮೇಲ್ಭಾಗದ ಚರ್ಮ ಸುಲಿಯದಂತೆ ಮುಖವಾಡದ ಕೆಳಗೆ ಮೆತ್ತೆ ಇಡಲಾಯಿತು. ರಕ್ತದೊತ್ತಡ ಏರಿದ್ದರಿಂದ ನೈಟ್ರೋಗ್ಲಿಸರಿನ್ ಸಿರಿಂಜ್ ಪಂಪಿನಲ್ಲಿ ನಿಧಾನವಾಗಿ ಹರಿಯಿತು. ಎಲ್ಲ ಡ್ರಿಪ್ಪುಗಳನ್ನೂ ನಿಲ್ಲಿಸಿ ಸೈಟರಬಿನ್ ಒಂದನ್ನು ಮಾತ್ರ ಮುಂದುವರಿಸಲಾಯಿತು. ರಕ್ತನಿಧಿಗೆ ಪ್ರತಿಕೂಲ ಘಟನೆಯ ವರದಿ ಹೋಯಿತು, ಏಕೆಂದರೆ ಟ್ರಾಲಿಯ ಅಲ್ಪ ಸಾಧ್ಯತೆ ಉಳಿದಿದ್ದರೂ ಅದೇ ದಾನಿಯ ಉಳಿದ ಘಟಕಗಳನ್ನು ತಡೆಹಿಡಿಯಬೇಕಾಗುತ್ತದೆ.

ಹನ್ನೊಂದು ಗಂಟೆಗೆ ಮೂತ್ರವರ್ಧಕ ಫ್ಯುರೋಸೆಮೈಡ್ 40 ಮಿ.ಗ್ರಾಂ ರಕ್ತನಾಳಕ್ಕೆ ಕೊಡಲಾಯಿತು. ಕೊಟ್ಟ ಮೇಲೆ ಬೆಳಗಿನವರೆಗೆ ಕಾಯದೆ ಎರಡು ಗಂಟೆಗಳಲ್ಲೇ ಫಲ ಅಳೆದದ್ದು ಮುಖ್ಯ. ಮೂತ್ರ 220 ಮಿ.ಲೀ., ಅದರಲ್ಲಿ ಸೋಡಿಯಂ ಲೀಟರಿಗೆ 38 ಮಿ.ಮೋಲ್. ಎರಡು ಗಂಟೆಗಳ ಹೊತ್ತಿಗೆ ಸೋಡಿಯಂ 50ರಿಂದ 70ರ ಮೇಲಿರಬೇಕು, ಮೂತ್ರ ಗಂಟೆಗೆ 100ರಿಂದ 150 ಮಿ.ಲೀ. ದಾಟಬೇಕು. ಮೂತ್ರದ ಪ್ರಮಾಣ ಹೇಗೋ ಗಡಿಯಲ್ಲಿದ್ದರೂ ಸೋಡಿಯಂ ಸಾಲದಾಗಿತ್ತು. ಇದರರ್ಥ ಔಷಧ ಮೂತ್ರಪಿಂಡದ ನಾಳಗಳನ್ನು ಬೇಕಾದ ಮಟ್ಟದಲ್ಲಿ ತಲುಪಿಲ್ಲವೆಂದು. ಅದೇ ಪ್ರಮಾಣವನ್ನು ಮತ್ತೆ ಮತ್ತೆ ಕೊಡುವುದರಲ್ಲಿ ಹುರುಳಿಲ್ಲ, ದುಪ್ಪಟ್ಟು ಮಾಡಬೇಕು. 80 ಮಿ.ಗ್ರಾಂ ಕೊಟ್ಟ ನಂತರದ ಎರಡು ಗಂಟೆಗಳಲ್ಲಿ 750 ಮಿ.ಲೀ. ಮೂತ್ರ ಹೋಯಿತು. ಬಳಿಕ ಗಂಟೆಗೆ 10 ಮಿ.ಗ್ರಾಮಿನಂತೆ ಪಂಪಿನಲ್ಲಿ ಮುಂದುವರಿಸಲಾಯಿತು. 2011ರ ಡೋಸ್ (DOSE) ಎಂಬ ಹೆಸರಿನ ಅಧ್ಯಯನದಲ್ಲಿ, ಹೃದಯ ವೈಫಲ್ಯದ ರೋಗಿಗಳಲ್ಲಿ, ಬಿಡಿಬಿಡಿಯಾಗಿ ಕೊಡುವುದಕ್ಕೂ ನಿರಂತರ ಹರಿಸುವುದಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಪಂಪ್ ಆರಿಸಿಕೊಂಡದ್ದು ರಕ್ತದೊತ್ತಡ ಕುಸಿದರೆ ತಕ್ಷಣ ನಿಲ್ಲಿಸಬಹುದೆಂಬ ಕಾರಣಕ್ಕೆ.

ಮೂತ್ರ ಅಳೆಯಲು ಮೂತ್ರಕೋಶಕ್ಕೆ ಕೊಳವೆ ಹಾಕಬೇಕೇ ಎಂಬ ಚಿಕ್ಕ ಚರ್ಚೆ ನಡೆಯಿತು. ಒಂಬತ್ತು ಸಾವಿರ ಪ್ಲೇಟ್‌ಲೆಟ್ ಇರುವ, ರೋಗನಿರೋಧಕ ಕಣಗಳಿಲ್ಲದ ರೋಗಿಗೆ ಅದು ರಕ್ತಸ್ರಾವಕ್ಕೂ ಸೋಂಕಿಗೂ ದಾರಿ. ರೋಗಿ ಪ್ರಜ್ಞೆಯಲ್ಲಿದ್ದು ಸಹಕರಿಸುತ್ತಿದ್ದುದರಿಂದ ಹೊರಗಿನಿಂದ ತೊಡಿಸುವ ಕಾಂಡೋಮ್ ಕ್ಯಾತಿಟರ್ ಸಾಕಾಯಿತು. ಬೆಳಗ್ಗೆ ಎಂಟರ ಹೊತ್ತಿಗೆ ಒಟ್ಟು 2,600 ಮಿ.ಲೀ. ಮೂತ್ರ, ತೂಕ 69.7, ಸಿಪ್ಯಾಪ್ ತೆಗೆದು ಮೂಗಿನ ಕೊಳವೆಯಲ್ಲಿ 3 ಲೀಟರ್ ಆಮ್ಲಜನಕ.

ಒಳಬರುವುದನ್ನು ಕಡಿತಗೊಳಿಸಿದ್ದು

ಏಳನೆಯ ದಿನ ಬೆಳಗ್ಗೆ ಔಷಧ ತಜ್ಞರ ಜೊತೆ ಕುಳಿತು ಪಟ್ಟಿಯನ್ನು ಹೊಸದಾಗಿ ಬರೆಯಲಾಯಿತು. ಮುಖ್ಯ ಡ್ರಿಪ್ ರದ್ದು. ಸೈಟರಬಿನ್ ಶೇ. 5ರ ಡೆಕ್ಸ್‌ಟ್ರೋಸಿನ 100 ಮಿ.ಲೀ.ಗೆ, ಪಿಪೆರಾಸಿಲಿನ್ ತಲಾ 50 ಮಿ.ಲೀ.ಗೆ ಇಳಿಯಿತು. ರಕ್ತದ ಕಲ್ಚರ್‌ನಲ್ಲಿ ಗ್ರಾಂ-ನೆಗೆಟಿವ್ ಬ್ಯಾಕ್ಟೀರಿಯಾ ಬೆಳೆದಿದೆ ಎಂಬ ಸೂಚನೆ ಬಂದಿದ್ದರಿಂದ ವ್ಯಾಂಕೋಮೈಸಿನ್ ಬೇಡವಾಯಿತು. ಪಿಪೆರಾಸಿಲಿನ್ ಜೊತೆ ಸೇರಿದಾಗ ಕ್ರಿಯಾಟಿನಿನ್ ಏರಿಸುವ ಅದರ ಗುಣವೂ ತಪ್ಪಿತು. ಆಮ್ಲೀಯತೆಯ ಔಷಧ ಮಾತ್ರೆಯಾಯಿತು, ವಾಂತಿ ತಡೆಯುವ ಆಂಡಾನ್ಸೆಟ್ರಾನ್ ಬಾಟಲಿಯಿಲ್ಲದೆ ನಿಧಾನವಾಗಿ ನೇರ ಕೊಡುವಂತಾಯಿತು. ಪೊಟ್ಯಾಸಿಯಂ 20 ಮಿ.ಮೋಲ್ ಅನ್ನು 100 ಮಿ.ಲೀ. ಸಲೈನಿನಲ್ಲಿ, ಕೇಂದ್ರ ಅಭಿಧಮನಿಯ ಮೂಲಕ, ಇಸಿಜಿ ಮಾನಿಟರ್ ನೋಡುತ್ತಾ ಎರಡು ಸಲ. ಇಲ್ಲಿ ಡೆಕ್ಸ್‌ಟ್ರೋಸ್ ಬಳಸದಿದ್ದುದಕ್ಕೆ ಕಾರಣ, ಅದು ಇನ್ಸುಲಿನ್ ಹೆಚ್ಚಿಸಿ ಪೊಟ್ಯಾಸಿಯಮ್ಮನ್ನು ಕಣಗಳೊಳಗೆ ತಳ್ಳುತ್ತದೆ. ಪ್ಲೇಟ್‌ಲೆಟ್ 250, ಮೆಗ್ನೀಸಿಯಂ 50, ಕೊಳವೆ ಹಾಯಿಸಲು 60, ಪಂಪಿನ ಔಷಧಗಳು 100. ಒಟ್ಟು 960 ಮಿ.ಲೀ. ಹಿಂದಿನ ದಿನ ಇದೇ ಲೆಕ್ಕ 6,250 ಆಗಿತ್ತು. ಯಾವ ಅಗತ್ಯ ಚಿಕಿತ್ಸೆಯನ್ನೂ ಬಿಟ್ಟಿರಲಿಲ್ಲ.

ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ಬಗ್ಗೆ ಹೆಚ್ಚು ಎಚ್ಚರ ಬೇಕಾದದ್ದು ಫ್ಯುರೋಸೆಮೈಡ್ ಅವೆರಡನ್ನೂ ಹೊರಹಾಕುತ್ತದೆ ಎಂಬ ಕಾರಣಕ್ಕೆ ಮಾತ್ರವಲ್ಲ. ಈ ರೋಗಿ ಶಿಲೀಂಧ್ರ ತಡೆಗೆ ಪೊಸಕೊನಜೋಲ್ ಸೇವಿಸುತ್ತಿದ್ದರು. ಅದೂ ಆಂಡಾನ್ಸೆಟ್ರಾನೂ ಇಸಿಜಿಯ ಕ್ಯೂಟಿ ಅಂತರವನ್ನು ಹಿಗ್ಗಿಸುತ್ತವೆ; ಈ ಎರಡು ಲವಣಗಳೂ ಕಡಿಮೆಯಾದರೆ ಹೃದಯದ ಲಯ ತಪ್ಪುವ ಅಪಾಯವಿರುತ್ತದೆ. ಪೊಟ್ಯಾಸಿಯಂ 4ರ ಮೇಲೆ, ಮೆಗ್ನೀಸಿಯಂ 2ರ ಮೇಲೆ ಇರುವಂತೆ ದಿನಕ್ಕೆ ಎರಡು ಸಲ ಪರೀಕ್ಷಿಸಲಾಯಿತು.

ರಕ್ತದೊತ್ತಡ ಮತ್ತೆ ಕುಸಿದಾಗ

ಏಳನೆಯ ದಿನ ಮಧ್ಯಾಹ್ನ ಜ್ವರ 38.9ಕ್ಕೆ ಏರಿ ರಕ್ತದೊತ್ತಡ 88/54ಕ್ಕೆ ಇಳಿಯಿತು, ಮೂತ್ರ ಕಡಿಮೆಯಾಯಿತು. ಇಡೀ ಪ್ರಕರಣದ ಕಠಿಣ ಗಳಿಗೆ ಇದು. ನೀರು ಅತಿಯಾಗಿ ತೆಗೆದಿದ್ದೇವೆ, ಒಂದು ಲೀಟರ್ ಹಾಕೋಣ ಎಂಬ ಯೋಚನೆ ಸಹಜವಾಗಿಯೇ ಬಂತು. ಸೆಪ್ಸಿಸ್‌ನಲ್ಲಿ ಕಿರುನಾಳಗಳು ಸೋರುವುದರಿಂದ, ಆಲ್ಬುಮಿನ್ ಕಡಿಮೆಯಿರುವುದರಿಂದ, ಕಾಲುಗಳು ಬಾತಿದ್ದರೂ ರಕ್ತನಾಳದೊಳಗೆ ದ್ರವ ಸಾಲದಿರುವ ಸ್ಥಿತಿ ನಿಜವಾಗಿಯೂ ಉಂಟು. ಕಾಲಿನ ಬಾವನ್ನು ನೋಡಿ ಇದನ್ನು ನಿರ್ಧರಿಸಲಾಗದು. ಮತ್ತೆ ಅಲ್ಟ್ರಾಸೌಂಡ್ ಮಾಡಿದಾಗ ಮಹಾಭಿಧಮನಿ ಇನ್ನೂ 2.1 ಸೆಂ.ಮೀ. ಇದ್ದು ಅಷ್ಟಾಗಿ ಕುಗ್ಗುತ್ತಿರಲಿಲ್ಲ, ಬಿ-ರೇಖೆಗಳೂ ಉಳಿದಿದ್ದವು. ಅಂದರೆ ನಾಳಗಳು ಬರಿದಾಗಿರಲಿಲ್ಲ, ಸಡಿಲವಾಗಿದ್ದವು. ಆದ್ದರಿಂದ ದ್ರವ ಕೊಡದೆ ನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಅನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿ, ನೈಟ್ರೋಗ್ಲಿಸರಿನ್ ಅಷ್ಟರಲ್ಲಾಗಲೇ ನಿಂತಿದ್ದುದರಿಂದ ಫ್ಯುರೋಸೆಮೈಡನ್ನಷ್ಟೇ ಆರು ಗಂಟೆ ತಡೆಹಿಡಿಯಲಾಯಿತು. ಸಂಜೆ ಬಂದ ವರದಿಯ ಪ್ರಕಾರ ಬ್ಯಾಕ್ಟೀರಿಯಾ ಪಿಪೆರಾಸಿಲಿನ್‌ಗೆ ಬಗ್ಗದ ಇ. ಕೋಲೈ, ಮೆರೊಪೆನೆಮ್‌ಗೆ ಬದಲಾಯಿಸಲಾಯಿತು. ಸರಾಸರಿ ರಕ್ತದೊತ್ತಡ 65 ದಾಟಿದ ಮೇಲೆ ಫ್ಯುರೋಸೆಮೈಡ್ ಗಂಟೆಗೆ 5 ಮಿ.ಗ್ರಾಮಿನಲ್ಲಿ ಮತ್ತೆ ಮೊದಲಾಯಿತು.

ಆಲ್ಬುಮಿನ್ ಕೊಟ್ಟು ಅದರ ಬೆನ್ನಿಗೆ ಫ್ಯುರೋಸೆಮೈಡ್ ಕೊಡುವ ಸಲಹೆಯೂ ಬಂತು. ಇದು ಬಹಳ ಕಡೆ ರೂಢಿಯಲ್ಲಿದೆ, ಆದರೆ ಪುರಾವೆ ದುರ್ಬಲ. ಮೂತ್ರ ಸರಾಗವಾಗಿ ಹೋಗುತ್ತಿರುವ ರೋಗಿಗೆ ಇನ್ನೊಂದು ಬಾಟಲಿ ಸೇರಿಸಲು ತಂಡ ಒಪ್ಪಲಿಲ್ಲ. ಆ ನಿರ್ಧಾರ ಸರಿ ಎಂಬುದು ನನ್ನ ಅಭಿಪ್ರಾಯ. ಮೂತ್ರಪಿಂಡ ತಜ್ಞರನ್ನು ಮೊದಲ ದಿನವೇ ಕರೆಸಿ, ಪ್ರತಿ ಕಿಲೋಗೆ 1.5 ಮಿ.ಗ್ರಾಂ ಫ್ಯುರೋಸೆಮೈಡ್ ಕೊಟ್ಟರೂ ಎರಡು ಗಂಟೆಗಳಲ್ಲಿ 200 ಮಿ.ಲೀ. ಮೂತ್ರ ಬಾರದಿದ್ದರೆ, ಅಥವಾ ಆಮ್ಲಜನಕದ ಅಗತ್ಯ ಮತ್ತೆ ಏರಿದರೆ, ನಿಧಾನಗತಿಯ ಡಯಾಲಿಸಿಸ್ ಯಂತ್ರದಿಂದ ನೀರು ತೆಗೆಯುವುದೆಂದು ಮೊದಲೇ ನಿಗದಿಪಡಿಸಲಾಗಿತ್ತು. ಡಯಾಲಿಸಿಸ್ ಕೊಳವೆ ದಪ್ಪನೆಯದು. ಅದನ್ನು ಹಾಕಲು ಪ್ಲೇಟ್‌ಲೆಟ್ ಏರಿಸಬೇಕು, ಅದಕ್ಕೆ ಮತ್ತೆ ದ್ರವ ಬೇಕು. ಆದ್ದರಿಂದ ತುರ್ತು ಬಂದಾಗ ಚರ್ಚೆಗೆ ಕೂರದೆ ಮೊದಲೇ ಗಡಿ ಹಾಕಿಕೊಂಡದ್ದು ಒಳ್ಳೆಯದೇ ಆಯಿತು. ಆ ಗಡಿ ತಲುಪಲಿಲ್ಲ.

ನಿಲ್ಲಿಸಬೇಕಾದ ಬಿಂದು

ಎಂಟನೆಯ ದಿನ ಕ್ರಿಯಾಟಿನಿನ್ 1.9ಕ್ಕೆ ಏರಿ ಅಲ್ಲಿಂದ ಇಳಿಯತೊಡಗಿತು. ನಾರ್‌ಅಡ್ರಿನಲಿನ್ ಒಂಬತ್ತನೆಯ ದಿನ ನಿಂತಿತು. ದಿನಕ್ಕೆ ಒಂದರಿಂದ ಒಂದೂವರೆ ಕಿಲೋ ಇಳಿಸುವ ಗುರಿಯಲ್ಲಿ ತೂಕ 68.3, 67.0, 66.0 ಎಂದು ಇಳಿಯುತ್ತಾ ಹನ್ನೆರಡನೆಯ ದಿನ 64.9 ತಲುಪಿತು. ದಾಖಲಾದ ದಿನದ 64ಕ್ಕೆ ತಲುಪಿದರೆ ಕೆಲಸ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಎರಡು ವಾರ ಜ್ವರ, ಬಾಯಿಹುಣ್ಣು, ಅರೆಹೊಟ್ಟೆಯಲ್ಲಿ ಕಳೆದ ರೋಗಿ ಮಾಂಸಖಂಡವನ್ನೂ ಕಳೆದುಕೊಂಡಿರುತ್ತಾರೆ. ಅವರ ನಿಜವಾದ ಒಣತೂಕ, ಅಂದರೆ ಹೆಚ್ಚುವರಿ ನೀರಿಲ್ಲದ ತೂಕ, 64ಕ್ಕಿಂತ ಕಡಿಮೆಯೇ ಆಗಿರುತ್ತದೆ. ಹೀಗಾಗಿ ತೂಕದ ಜೊತೆಗೆ ಅಲ್ಟ್ರಾಸೌಂಡ್ ಮತ್ತು ಎದ್ದು ನಿಂತಾಗಿನ ರಕ್ತದೊತ್ತಡವನ್ನೂ ನೋಡಿ, 63.2 ಕಿಲೋದಲ್ಲಿ, ಶ್ವಾಸಕೋಶ ಸ್ವಚ್ಛವಾಗಿ ಮಹಾಭಿಧಮನಿ ಉಸಿರಿನೊಂದಿಗೆ ಅರ್ಧಕ್ಕಿಂತ ಹೆಚ್ಚು ಕುಗ್ಗತೊಡಗಿದಾಗ ಫ್ಯುರೋಸೆಮೈಡ್ ನಿಲ್ಲಿಸಲಾಯಿತು. ನಡುವೆ ಬೇಕಾದ ರಕ್ತವನ್ನು ಒಂದು ಸಲಕ್ಕೆ ಒಂದೇ ಚೀಲದಂತೆ, ಮೂರೂವರೆ ಗಂಟೆಗಳಲ್ಲಿ, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದಾಗ ಮಾತ್ರ ಕೊಡಲಾಯಿತು.

ನಾಲ್ಕನೆಯ ವಾರ ಮಜ್ಜೆಯಲ್ಲಿ ರೋಗ ಹಿಮ್ಮೆಟ್ಟಿತ್ತು, ಕ್ರಿಯಾಟಿನಿನ್ 1.0ಕ್ಕೆ ಮರಳಿತ್ತು. ಮುಂದಿನ ಸುತ್ತು ಹೆಚ್ಚು ಪ್ರಮಾಣದ ಸೈಟರಬಿನ್. ಮೂತ್ರಪಿಂಡ ಕುಂದಿದ್ದಾಗ ಆ ಪ್ರಮಾಣ ಕೊಟ್ಟರೆ ಕಿರುಮೆದುಳಿಗೆ ಹಾನಿಯಾಗುವ ಸಂಭವ ಹೆಚ್ಚು; ಆದ್ದರಿಂದ ಪ್ರತಿ ಡೋಸಿಗೂ ಮುನ್ನ ಕ್ರಿಯಾಟಿನಿನ್ ನೋಡುವುದು, ರೋಗಿಗೆ ಬೆರಳಿನಿಂದ ಮೂಗು ಮುಟ್ಟಿಸಿ, ನೇರ ಗೆರೆಯ ಮೇಲೆ ನಡೆಸಿ, ಸಹಿ ಹಾಕಿಸಿ ನೋಡುವುದು ಎಂದು ಚಾರ್ಟಿನಲ್ಲಿ ಬರೆಯಲಾಯಿತು. ಅದೇ ಪುಟದಲ್ಲಿ ಪ್ರತಿ ಔಷಧದ ಎದುರು ಅದನ್ನು ಬೆರೆಸುವ ದ್ರವದ ಹೆಸರು, ಎಷ್ಟು ಮಿ.ಲೀ. ಎಂಬುದು ಮತ್ತು ದಿನದ ಕೊನೆಯ ಒಟ್ಟು ಮೊತ್ತಕ್ಕೆ ಒಂದು ಖಾಲಿ ಚೌಕ ಇದ್ದವು. ತೂಕವು ಹಿಂದಿನ ದಿನಕ್ಕಿಂತ ಒಂದು ಕಿಲೋ ಅಥವಾ ಆರಂಭಕ್ಕಿಂತ ಎರಡು ಕಿಲೋ ಏರಿದರೆ ಅದೇ ಹೊತ್ತಿಗೆ ವೈದ್ಯರಿಗೆ ತಿಳಿಸಬೇಕೆಂದೂ, ರೋಗಿಗೆ ನಿಲ್ಲಲಾಗದಿದ್ದರೆ ಹಾಸಿಗೆಯ ತೂಕಮಾಪಕ ತರಿಸಬೇಕೆಂದೂ ಅದರ ಕೆಳಗೆ ಸೂಚನೆಯಿತ್ತು.